ಮಳೆಗಾಲದಲ್ಲಿ ಕ್ರಾಸ್‌ಬೋ: ಒದ್ದೆ ಹೆದೆ, ಬಿಗಿಯುವ ಟ್ರಿಗರ್, ಮಂಜು ಹಿಡಿಯುವ ಸ್ಕೋಪ್

ಗಾಳಿಬೀಡು_ಜಡಿಮಳೆ

ಎಲ್ಲರಿಗೂ ನಮಸ್ಕಾರ. ನನ್ನದು ಗುರಿ ಅಭ್ಯಾಸದ ಕಾಂಪೌಂಡ್ ಕ್ರಾಸ್‌ಬೋ, ಅಂದರೆ ತೋಳಿನ ತುದಿಗೆ ಚಕ್ರ ಇರುವ ಅಡ್ಡಬಿಲ್ಲು. 150 ಪೌಂಡ್ ಎಳೆತ, ವೇಗ ಸೆಕೆಂಡಿಗೆ 300 ಅಡಿ ಅಂತ ಡಬ್ಬದ ಮೇಲಿದೆ. ಬೋಲ್ಟ್, ಅಂದರೆ ಇದರ ಗಿಡ್ಡ ಬಾಣ, 20 ಇಂಚಿನ ಕಾರ್ಬನ್, ತುದಿ ಸೇರಿ 400 ಗ್ರೇನ್ (ಸುಮಾರು 26 ಗ್ರಾಂ). ಏಪ್ರಿಲಿನಲ್ಲಿ 30 ಮೀಟರಿಗೆ ಜೀರೋ ಮಾಡಿದ್ದು, ಅಂದರೆ ಸ್ಕೋಪನ್ನು ಆ ದೂರದ ಗುರಿಗೆ ಹೊಂದಿಸಿದ್ದು, ಸರಿಯಾಗಿಯೇ ಕೂತಿತ್ತು. ಈಗ ಕಕ್ಕಡದ (ಜುಲೈ-ಆಗಸ್ಟ್) ಮಳೆ. ಅದೇ ಬೋಲ್ಟ್, ಅದೇ ದೂರ, ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ ಬೀಳುತ್ತಿದೆ. ಒಮ್ಮೊಮ್ಮೆ ಎಡಕ್ಕೂ ಹೋಗುತ್ತದೆ. ಟ್ರಿಗರ್ ಬೆಳಿಗ್ಗೆ ಬಿಗಿ, ಮಧ್ಯಾಹ್ನ ಸ್ವಲ್ಪ ಬಿಸಿಲು ಕಂಡರೆ ಸಲೀಸು. ಸ್ಕೋಪಿನ ಕಥೆ ಬೇರೆ, ಮನೆಯೊಳಗೆ ತಂದ ಕೂಡಲೇ ಬೆಳ್ಳಗಾಗುತ್ತದೆ.

ಮಳೆಹನಿ ಬಾಣವನ್ನು ಕೆಳಕ್ಕೆ ತಳ್ಳುತ್ತದೆಯಾ? ಅಥವಾ ಬಿಲ್ಲೇ ಹಾಳಾಯಿತಾ?

ಹೆದೆಮೇಣ

ಮಳೆಹನಿಯ ಮೇಲೆ ತಪ್ಪು ಹೊರಿಸಬೇಡಿ. 300 ಅಡಿ ಅಂದರೆ ಸೆಕೆಂಡಿಗೆ ಸುಮಾರು 91 ಮೀಟರ್. 30 ಮೀಟರ್ ದಾಟಲು ಬೋಲ್ಟಿಗೆ ಬೇಕಾಗುವುದು ಸೆಕೆಂಡಿನ ಮೂರನೇ ಒಂದು ಭಾಗ. ಅಷ್ಟರಲ್ಲಿ ತಾಗುವ ಹನಿಗಳು ನಾಲ್ಕು ಸೆಂಟಿಮೀಟರ್ ಇಳಿಸಲಾರವು. ಇಳಿಸುತ್ತಿರುವುದು ಹೆದೆಯೊಳಗೆ ಕೂತ ನೀರು.

ಈಗಿನ ಹೆದೆಯ ನೂಲು ಪಾಲಿಥೀನ್ ಜಾತಿಯದು, ಡೈನೀಮಾ ಅಂತ ಕರೆಯುವುದು. ನೂಲು ನೀರು ಕುಡಿಯುವುದಿಲ್ಲ, ನಿಜ. ಆದರೆ ಹೆದೆ ಅಂದರೆ ಒಂದು ನೂಲಲ್ಲ, ಹತ್ತಾರು ಎಳೆಗಳ ಕಟ್ಟು. ಎಳೆಗಳ ನಡುವಿನ ಸಂದಿಗೆ ನೀರು ಇಳಿಯುತ್ತದೆ. ಮೇಣ ಇದ್ದಾಗ ಆ ಸಂದಿ ಮುಚ್ಚಿರುತ್ತದೆ, ಮೇಣ ಒಣಗಿದರೆ ತೆರೆಯುತ್ತದೆ. ನೀರು ತುಂಬಿದ ಹೆದೆ ಭಾರ. ಬಿಲ್ಲು ಬೋಲ್ಟಿನ ಜೊತೆ ಆ ನೀರನ್ನೂ ಮುಂದಕ್ಕೆ ಎಸೆಯಬೇಕು, ಅಷ್ಟು ಶಕ್ತಿ ಬೋಲ್ಟಿಗೆ ಕಡಿಮೆ ಸಿಗುತ್ತದೆ.

ಲೆಕ್ಕ ಹಾಕಿ ನೋಡಿ. 91 ಮೀಟರ್ ವೇಗದಲ್ಲಿ 30 ಮೀಟರಿಗೆ ಬೋಲ್ಟ್ ನೆಲದ ಸೆಳೆತಕ್ಕೆ 53 ಸೆಂಟಿಮೀಟರ್ ಇಳಿಯುತ್ತದೆ. ಜೀರೋ ಮಾಡುವಾಗ ಸ್ಕೋಪು ಆ ಇಳಿತವನ್ನು ಸರಿದೂಗಿಸಿರುತ್ತದೆ. ವೇಗ ಶೇಕಡಾ 3 ಕಡಿಮೆಯಾದರೆ ಇಳಿತ 56 ದಾಟುತ್ತದೆ. ಮೂರು ಸೆಂಟಿಮೀಟರ್ ಚಿಲ್ಲರೆ ಕೆಳಗೆ. ನಿಮಗೆ ಬೀಳುತ್ತಿರುವುದೂ ಅಷ್ಟೇ ಅಲ್ಲವಾ?

ಸ್ಕೋಪಿನ ತಿರುಪನ್ನು ಮಾತ್ರ ಈಗ ಮುಟ್ಟಬೇಡಿ. ಮುಟ್ಟಿದರೆ ಮಳೆ ನಿಂತ ಮೇಲೆ ಮೇಲಕ್ಕೆ ಹೋಗುತ್ತದೆ, ಆಮೇಲೆ ಇಡೀ ವರ್ಷ ಅದರ ಹಿಂದೆಯೇ ಓಡಬೇಕಾಗುತ್ತದೆ. ಮೊದಲು ಹೀಗೆ ಪರೀಕ್ಷೆ ಮಾಡಿ: ಮಾಡಿನ ಕೆಳಗೆ ನಿಂತು ಪೂರ್ತಿ ಒಣಗಿದ ಹೆದೆಯಲ್ಲಿ ಮೂರು ಬೋಲ್ಟ್. ಬಳಿಕ ಹೆದೆಯನ್ನು ಮಳೆಗೆ ಹತ್ತು ನಿಮಿಷ ಒಡ್ಡಿ, ಅದೇ ಮೂರು ಬೋಲ್ಟ್. ಮೂರೂ ಒಟ್ಟಿಗೆ ಇದ್ದು ಕೆಳಗೆ ಬಿದ್ದರೆ ಹೆದೆ, ಅಂದರೆ ವೇಗ. ಎಡ ಬಲ ಚದುರಿದರೆ ಹೆದೆ ಎಳೆಯುವುದರಲ್ಲಿ ತಪ್ಪು, ಇಲ್ಲವೇ ಸ್ಕೋಪಿನ ರಿಂಗು ಸಡಿಲ. ಲೆಕ್ಕವೇ ಇಲ್ಲದೆ ಎಲ್ಲೆಂದರಲ್ಲಿ ಬಿದ್ದರೆ ಬೋಲ್ಟಿನ ರೆಕ್ಕೆ ಮತ್ತು ನಾಕ್, ಅಂದರೆ ಹೆದೆ ತಾಗುವ ಹಿಂತುದಿ, ನೋಡಿ.

ಸೋಮವಾರಪೇಟೆ_ಸರಳು

ಟ್ರಿಗರಿಗೆ ಯಾವ ಎಣ್ಣೆ ಹಾಕಿದ್ದೀರಿ ಅಣ್ಣ?

ಗಾಳಿಬೀಡು_ಜಡಿಮಳೆ

ಕೊಬ್ಬರಿ ಎಣ್ಣೆ, ಎರಡು ಹನಿ. ಕತ್ತಿಗೆ ಹಾಕುವುದೇ.

ಸೋಮವಾರಪೇಟೆ_ಸರಳು

ಅಲ್ಲಿಗೆ ಬಂತು. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಬಚ್ಚಲಿನ ಬಾಟಲಿ ನೋಡಿ, ಜುಲೈ ಬೆಳಿಗ್ಗೆ ಬೆಣ್ಣೆಯ ಹಾಗೆ ಕೂತಿರುತ್ತದೆ. ಟ್ರಿಗರ್ ಪೆಟ್ಟಿಗೆಯೊಳಗೂ ಅದೇ ಬೆಣ್ಣೆ. ಸಿಯರ್ ಅನ್ನುವ ಕೊಂಡಿ ಜಾರಬೇಕಾದಲ್ಲಿ ಮೇಣ ಹಿಡಿದ ಹಾಗೆ ನಿಧಾನವಾಗುತ್ತದೆ. ಬಿಸಿಲು ಬಂದರೆ ಕರಗುತ್ತದೆ, ಅದಕ್ಕೇ ಮಧ್ಯಾಹ್ನ ಸಲೀಸು. ಪೀಚೆಕತ್ತಿಗೆ, ಒಡಿಕತ್ತಿಗೆ ಹಚ್ಚಿದರೆ ಒರೆಸಿ ತೆಗೆಯಬಹುದು. ಮುಚ್ಚಿದ ಪೆಟ್ಟಿಗೆಯಿಂದ ಒರೆಸುವುದು ಹೇಗೆ? ದಿನ ಕಳೆದಂತೆ ಕಮಟು ಹಿಡಿದು ಅಂಟಾಗುತ್ತದೆ, ಧೂಳು ಕೂಡುತ್ತದೆ, ಆಮೇಲೆ ಸೇಫ್ಟಿಯೂ ಪೂರ್ತಿ ಕೂರುವುದಿಲ್ಲ. ಅಪಾಯ ಇರುವುದು ಅಲ್ಲಿ. ಬಿಗಿ ಟ್ರಿಗರ್ ಬರೀ ಕಿರಿಕಿರಿ. ಅರ್ಧ ಕೂತ ಕೊಂಡಿ ಬೆರಳು ಮುಟ್ಟದೆಯೂ ಬಿಟ್ಟುಬಿಡಬಹುದು.

ಪೆಟ್ಟಿಗೆ ಬಿಚ್ಚಲು ಹೋಗಬೇಡಿ. ಒಳಗಿನ ಸ್ಪ್ರಿಂಗ್ ಹಾರಿದರೆ ಮತ್ತೆ ಕೂರಿಸುವುದು ಕಷ್ಟ. ಬಿಲ್ಲು ಎಳೆಯದ ಸ್ಥಿತಿಯಲ್ಲೇ ಇರಲಿ. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದಲ್ಲ, ಬೇಗ ಆರುವುದು, ಪ್ಲಾಸ್ಟಿಕ್ಕಿಗೆ ಹಾನಿ ಇಲ್ಲ ಅಂತ ಡಬ್ಬದ ಮೇಲೆ ಬರೆದದ್ದು. ಹೆದೆಯನ್ನು ಬಟ್ಟೆಯಲ್ಲಿ ಸುತ್ತಿ ಮುಚ್ಚಿ, ಟ್ರಿಗರ್ ಬಾಯಿಗೆ ಎರಡು ಮೂರು ಸಲ ಚಿಮುಕಿಸಿ, ಕೆಳಮುಖ ಮಾಡಿ ಒಂದು ಗಂಟೆ ಬಿಡಿ. ಕಂದು ನೀರು ಇಳಿಯುತ್ತದೆ. ಅದು ನಿಂತ ಮೇಲೆ ಒಣ ಲೂಬ್ರಿಕೆಂಟ್, ಅಂದರೆ ಗ್ರಾಫೈಟ್ ಅಥವಾ ಟೆಫ್ಲಾನ್ ಜಾತಿಯದು, ಕೈಪಿಡಿಯಲ್ಲಿ ಹೇಳಿದ್ದರೆ ಮಾತ್ರ. ಗ್ರೀಸ್ ಬೇಡವೇ ಬೇಡ. ತುಕ್ಕು ಬಿಡಿಸುವ ಸ್ಪ್ರೇಯೂ ಟ್ರಿಗರಿಗಲ್ಲ. ಅದು ಹೆದೆಗೆ ಹಾರಿದರೆ ಮೇಣವನ್ನೇ ಕರಗಿಸಿ ತೆಗೆಯುತ್ತದೆ.

ಹೆದೆಮೇಣ

ಸರಳು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಮಳೆಯಲ್ಲಿ ಹೊರುವಾಗ ಮೂತಿ, ಅಂದರೆ ಕಾಲಿಡುವ ರಿಕಾಪು ಇರುವ ತುದಿ, ಕೆಳಗಿರಲಿ. ಬೋಲ್ಟ್ ಕೂರುವ ಉದ್ದ ತೋಡು, ನಾವು ಗಾಡಿ ಅನ್ನುವುದು, ಅದನ್ನು ದೋಣಿ ಅಂದುಕೊಳ್ಳಿ. ಮೂತಿ ಮೇಲಾದರೆ ಅಷ್ಟೂ ನೀರು ಹರಿದು ನೇರ ಟ್ರಿಗರ್ ಪೆಟ್ಟಿಗೆಗೆ ಹೋಗುತ್ತದೆ. ಪಟ್ಟಿ ಹಾಕಿ ಬೆನ್ನಿಗೆ ನೇತುಹಾಕುವವರು ಮಾಡುವ ತಪ್ಪು ಇದೇ.

ಮೇಣದ ವಿಷಯ. ಕ್ರಮ ಹೀಗೆ:

ಮೊದಲು ಹಳೆ ಮೇಣ ತೆಗೆಯಬೇಕು. ಕೊಳೆ ಹಿಡಿದ ಮೇಣದ ಮೇಲೆ ಹೊಸದು ಹಚ್ಚುವುದು ಅಂದರೆ ಕೆಸರಿನ ಮೇಲೆ ಸುಣ್ಣ ಬಳಿದ ಹಾಗೆ. ಒಂದು ತೆಳು ಗಟ್ಟಿ ದಾರವನ್ನು ಹೆದೆಗೆ ಒಂದೇ ಸುತ್ತು ಸುತ್ತಿ, ಎರಡೂ ತುದಿ ಹಿಡಿದು, ಹೆದೆಯ ಉದ್ದಕ್ಕೆ ಜಾರಿಸಿ. ಕಪ್ಪು ಮೇಣ, ಅದರ ಹಿಂದೆ ನೀರು, ಎರಡೂ ದಾರದ ಮುಂದೆ ಹಿಂಡಿಕೊಂಡು ಬರುತ್ತದೆ. ಟಿಶ್ಯೂ ಕಾಗದ ಒತ್ತಿ ನೋಡಿ, ಒದ್ದೆ ಗುರುತು ಬೀಳುವುದು ನಿಲ್ಲುವವರೆಗೆ ಹತ್ತಿ ಬಟ್ಟೆಯಲ್ಲಿ ಚಿವುಟಿ ಒರೆಸಿ. ಹೇರ್ ಡ್ರೈಯರ್ ಹಿಡಿಯಬೇಡಿ, ಈ ನೂಲಿಗೆ ಬಿಸಿ ಆಗುವುದಿಲ್ಲ, ಎಳೆತದಲ್ಲಿರುವಾಗ ಬಿಸಿ ತಾಗಿದರೆ ಉದ್ದವಾಗುತ್ತದೆ. ಆಮೇಲೆ ಮೇಣದ ಕಡ್ಡಿ ಉಜ್ಜಿ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬೆರಳು ಬೆಚ್ಚಗಾಗುವ ತನಕ ತೀಡಿ. ಬಿಳಿ ಗೆರೆ ಮಾಯವಾದರೆ ಮೇಣ ಒಳಗೆ ಹೋಗಿದೆ ಅಂತ ಅರ್ಥ.

ನಡುವೆ ದಾರ ಸುತ್ತಿದ ಭಾಗ, ಸರ್ವಿಂಗ್, ಅದಕ್ಕೆ ಹೆದೆಯ ಮೇಣ ಹಚ್ಚಬೇಡಿ. ಅದು ಗಾಡಿಯ ಮೇಲೆ ಉಜ್ಜಿಕೊಂಡು ಓಡುವ ಜಾಗ. ಅಲ್ಲಿಗೆ ಬೇರೆಯೇ ಲೂಬ್ ಇದೆ, ಕೈಪಿಡಿ ಕೇಳಿದ್ದರೆ ಒಂದು ಹನಿ. ಹೆಚ್ಚಾದದ್ದೆಲ್ಲ ಟ್ರಿಗರಿಗೇ ಹೋಗುತ್ತದೆ. ಒಣ ಕಾಲದಲ್ಲಿ ಹತ್ತಿಪ್ಪತ್ತು ಬೋಲ್ಟಿಗೊಮ್ಮೆ ಮೇಣ ಸಾಕು. ಮಳೆಯಲ್ಲಿ ಹೊಡೆದ ಪ್ರತಿ ದಿನವೂ ಬೇಕು.

ಎಳೆಯೊಂದು ತುಂಡಾಗಿ ಹೊರಗೆ ಬಂದಿದ್ದರೆ ಮೇಣದ ಮಾತೇ ಇಲ್ಲ, ಹೆದೆ ಬದಲಿಸಿ. ಬರೀ ನವಿರು ಎದ್ದಿದ್ದರೆ ಮೇಣಕ್ಕೆ ಕೂರುತ್ತದೆ.

ನಾಪೋಕ್ಲು_ತುಡುವೆ

ಕೊಡಗಿನಲ್ಲಿ ಇದ್ದುಕೊಂಡು ಮೇಣಕ್ಕೆ ಅಂಗಡಿಗೆ ಹೋಗಬೇಕಾ ಮಾರಾಯ್ರೆ? ಜೇನುಮೇಣ ಬೇಕಾದಷ್ಟು ಇದೆ.

ಹೆದೆಮೇಣ

ಇದೆ, ಆದರೆ ಎರಿಯಿಂದ ಹಿಂಡಿದ ಮೇಣವನ್ನು ಹಾಗೇ ಹಚ್ಚಿದರೆ ಹೆದೆಗೆ ಇರುವೆ ಬರುತ್ತದೆ. ಜೇನಿನ ಅಂಶ ಉಳಿದಿರುತ್ತದೆ, ಅದು ಗಾಳಿಯ ತೇವವನ್ನೂ ಎಳೆಯುತ್ತದೆ. ನೀರಿನಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಬಿಲ್ಲೆಯ ಅಡಿಯ ಕಸ ಕೆರೆದು, ಮತ್ತೊಮ್ಮೆ ಅದೇ ಕೆಲಸ ಮಾಡಿ. ಆಗಲೂ ಶುದ್ಧ ಜೇನುಮೇಣ ಮಡಿಕೇರಿಯ ಚಳಿಗೆ ಗಡುಸಾಗಿ ಪುಡಿಯಾಗುತ್ತದೆ. ಹೆದೆ ಬಿಟ್ಟಾಗ ಚಕ್ಕೆ ಹಾರಿ ಸ್ಕೋಪಿನ ಮೇಲೆ ಬೀಳುತ್ತದೆ. ನಾರಿನ ಹೆದೆ, ಬಿದಿರಿನ ಬಿಲ್ಲಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಂಥೆಟಿಕ್ ಹೆದೆಗೆ ಸಿಲಿಕೋನ್ ಬೆರೆತ ಮೆತ್ತನೆ ಮೇಣವೇ ಸರಿ. ಒಂದು ಕಡ್ಡಿ ಎರಡು ಮಳೆಗಾಲಕ್ಕೆ ಬರುತ್ತದೆ.

ನಾಪೋಕ್ಲು_ತುಡುವೆ

ಸರಿ. ಬಿದಿರಿಗೆ ಅಂತ ಒಪ್ಪಿದ್ದಕ್ಕೆ ಜಗಳ ಇಲ್ಲ.

ಕಣದ_ಮೂಲೆ

ಎಡಕ್ಕೆ ಹೋಗುವ ಬಗ್ಗೆ ಯಾರೂ ಹೇಳಲಿಲ್ಲ. ಅದು ಕಾಲಡಿಯ ಕೆಸರಿನಿಂದ.

150 ಪೌಂಡ್ ಅಂದರೆ 68 ಕಿಲೋ. ರಿಕಾಪಿಗೆ ಕಾಲಿಟ್ಟು ಹಗ್ಗದ ಕೊಕ್ಕೆಯಲ್ಲಿ ಎಳೆದರೆ ಕೈಗೆ ಅದರ ಅರ್ಧ, 34 ಕಿಲೋ. ಪಾಚಿ ಕಟ್ಟಿದ ಅಂಗಳದಲ್ಲಿ ಬೂಟು ಒಂದು ಬದಿಗೆ ಜಾರುತ್ತದೆ, ಮೈ ಓರೆಯಾಗುತ್ತದೆ, ಒಂದು ಕೈ ಮೊದಲು ಬರುತ್ತದೆ. ಹೆದೆ ನಡು ತಪ್ಪಿ ಒಂದೂವರೆ ಮಿಲಿಮೀಟರ್ ಆಚೆ ಸಿಕ್ಕಿಕೊಂಡರೂ ಸಾಕು, 30 ಮೀಟರಿನಲ್ಲಿ ಬೋಲ್ಟ್ ಕಣ್ಣಿಗೆ ಕಾಣುವಷ್ಟು ಪಕ್ಕಕ್ಕೆ ಹೋಗುತ್ತದೆ.

ಹೆದೆ ಎಳೆಯದೆ ಇರುವಾಗ ಗಾಡಿಯ ಎರಡೂ ಅಂಚು ತಾಗುವ ಕಡೆ ಹೆದೆಯ ಮೇಲೆ ಬಿಳಿ ಪೇಂಟ್ ಪೆನ್ನಿನಲ್ಲಿ ಒಂದೊಂದು ಗೆರೆ ಹಾಕಿ. ಎಳೆದು ಕೊಂಡಿಗೆ ಸಿಕ್ಕಿಸಿದ ಮೇಲೆ ಬಗ್ಗಿ ನೋಡಿ: ಎರಡೂ ಗೆರೆ ಅಂಚಿನಿಂದ ಸಮ ದೂರ ಇರಬೇಕು. ಒಂದು ಒಳಗೆ, ಒಂದು ಹೊರಗೆ ಇದ್ದರೆ ಗುರಿಯೂ ಹಾಗೇ. ಕಾಲಡಿಗೆ ಮಡಿಸಿದ ಗೋಣಿ ಹಾಸಿ. ಕಾಫಿ ಗೋಣಿ ಒದ್ದೆಯಾದರೂ ಹಿಡಿಯುತ್ತದೆ, ಪ್ಲಾಸ್ಟಿಕ್ ಚೀಲ ಹಾಸಿದರೆ ಸೀದಾ ಜಾರುಬಂಡೆ. ಹಗ್ಗದ ಹಿಡಿ ಒದ್ದೆಯಾದರೆ ಒಂದು ಕೈಯಿಂದ ಜಾರಿ ಬಿಡುತ್ತದೆ. ಅರ್ಧ ಎಳೆದ ಹೆದೆ ಕೈ ತಪ್ಪಿದರೆ ಬೋಲ್ಟ್ ಇಲ್ಲದೆ ಬಿಟ್ಟ ಹಾಗೆಯೇ, ಬಿಲ್ಲಿನ ತೋಳು ಸೀಳಬಹುದು. ಒಣ ಬಟ್ಟೆಯೊಂದು ಜೇಬಿನಲ್ಲಿ ಬೇರೆಯೇ ಇರಲಿ, ಹಿಡಿ ಒರೆಸಲಿಕ್ಕೆ.

ಬೆರಳು ಗಾಡಿಯ ಮೇಲಂಚಿಗಿಂತ ಕೆಳಗೇ. ಒದ್ದೆ ಕೈ ಮೇಲಕ್ಕೆ ಜಾರುತ್ತದೆ, ಹೆದೆ ಬೆರಳನ್ನು ನೋಡುವುದಿಲ್ಲ.

ಅತ್ತೂರು_ಬೇಲಿ

ನೇರ ಕೇಳುತ್ತೇನೆ. ತೋಟಕ್ಕೆ ಹಂದಿ ಕಾಟ. ಮಳೆ ರಾತ್ರಿ ಸದ್ದಿಲ್ಲದೆ ಇದರಲ್ಲಿ ಹೊಡೆಯಬಹುದಾ? ಕೋವಿ ಹೊಡೆದರೆ ಊರಿಗೆಲ್ಲ ಕೇಳುತ್ತದೆ. ನಮಗೆ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಕೋವಿಯ ವಿನಾಯಿತಿಯೂ ಇದೆ.

ವೇದಿಕೆ ನಿರ್ವಾಹಕ

ಆಗುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972, ಸೆಕ್ಷನ್ 9 ಬೇಟೆಯನ್ನು ನಿಷೇಧಿಸುತ್ತದೆ. ಅದೇ ಕಾಯ್ದೆಯ 2(16)ರಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಉರುಳು ಹಾಕುವುದು, ಅಟ್ಟುವುದು, ಇವುಗಳಿಗೆ ಯತ್ನಿಸುವುದೂ ಸೇರಿದೆ. ಕೋವಿಯೋ ಬಿಲ್ಲೋ ಅನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ. ಸ್ವಂತ ತೋಟ ಅನ್ನುವುದೂ ಉತ್ತರವಲ್ಲ.

ಕೋವಿ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ. ಬೇಟೆಗೆ ಅಲ್ಲ. ಕ್ರಾಸ್‌ಬೋ ಕೊಳ್ಳುವ ಮೊದಲು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಶಾಖೆಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಯಾವ ಆಯುಧವನ್ನೂ ಒಯ್ಯುವ ಹಾಗಿಲ್ಲ, ಸೆಕ್ಷನ್ 31.

ಬೆಳೆ ಹಾಳಾಗಿದ್ದರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಪ್ರಾಣಿಯನ್ನು ಕೊಲ್ಲಬೇಕಾದ ಸಂದರ್ಭಕ್ಕೆ ಸೆಕ್ಷನ್ 11 ಇದೆ, ಆದರೆ ಅದು ಇಲಾಖೆ ಬರೆದು ಕೊಡುವ ಆದೇಶ, ನಾವೇ ತೆಗೆದುಕೊಳ್ಳುವ ತೀರ್ಮಾನ ಅಲ್ಲ. ಈ ಚರ್ಚೆಯ ಎಳೆಯಲ್ಲಿ ಇಲ್ಲಿನ ಬೇಟೆಯ ಸಲಹೆ ಕೇಳುವ ಪೋಸ್ಟ್ ಇದೇ ಕೊನೆ.

ಮಿಚಿಗನ್_ಕೊಡೆ

ಬೇಟೆಗೆ ಅನುಮತಿ ಇರುವ ಕಡೆಯಲ್ಲೂ ಮಳೆ ರಾತ್ರಿ ಹೊಡೆಯುವುದು ಬುದ್ಧಿವಂತಿಕೆ ಅಲ್ಲ. ಯಾಕೆ ಅಂತ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆ ಋತುವಿಗೆ ಕ್ರಾಸ್‌ಬೋ ಸಮ್ಮತ. ಬ್ರಿಟನ್ನಿನಲ್ಲಿ 1981ರ ಕಾಯ್ದೆ ಬಿಲ್ಲು, ಕ್ರಾಸ್‌ಬೋ ಎರಡನ್ನೂ ಬೇಟೆಗೆ ನಿಷೇಧಿಸಿದೆ.

ಗುಂಡಿನ ಹಾಗೆ ಬೋಲ್ಟ್ ಹೊಡೆತದ ರಭಸದಿಂದ ಕೆಡವುವುದಿಲ್ಲ. ಬ್ಲೇಡು ರಕ್ತನಾಳ ಕತ್ತರಿಸುತ್ತದೆ, ಪ್ರಾಣಿ ರಕ್ತ ಹೋಗಿ ಸಾಯುತ್ತದೆ. ಶ್ವಾಸಕೋಶಕ್ಕೆ ಸರಿಯಾಗಿ ಬಿದ್ದರೂ ಜಿಂಕೆ ನೂರು ಮೀಟರ್ ಆಸುಪಾಸು ಓಡುತ್ತದೆ. ಹುಡುಕುವುದು ರಕ್ತದ ಹನಿ ನೋಡಿಕೊಂಡೇ. ಒಳ್ಳೆಯ ಏಟಿಗೆ ಅರ್ಧ ಗಂಟೆ, ಹೊಟ್ಟೆಗೆ ಬಿದ್ದರೆ ಹಲವು ಗಂಟೆ ಕಾದು ಹೋಗಬೇಕು, ಬೇಗ ಹೋದರೆ ಎದ್ದು ಇನ್ನೂ ದೂರ ಓಡುತ್ತದೆ. ಜೋರು ಮಳೆ ಬಂದರೆ ಆ ಹನಿ ಹತ್ತು ನಿಮಿಷದಲ್ಲಿ ತೊಳೆದು ಹೋಗುತ್ತದೆ. ಕಾದರೆ ಗುರುತು ಇಲ್ಲ, ಕಾಯದಿದ್ದರೆ ಪ್ರಾಣಿ ಇಲ್ಲ. ಹಾಗಾಗಿ ಸೋನೆಮಳೆಗೆ ಕೂರುತ್ತಾರೆ, ಒದ್ದೆ ಎಲೆ ಹೆಜ್ಜೆ ಸದ್ದನ್ನು ನುಂಗುತ್ತದೆ ಅಂತ. ಜಡಿಮಳೆಯ ಮುನ್ಸೂಚನೆ ಇದ್ದರೆ ಮನೆಯಲ್ಲೇ ಇರುತ್ತಾರೆ. ದೂರವನ್ನೂ ಒಣ ದಿನದ ಅರ್ಧಕ್ಕೆ ಇಳಿಸುತ್ತಾರೆ, 40 ಗಜ ಹೊಡೆಯುವವರು 20ಕ್ಕೆ.

ಬ್ಲೇಡ್ ಕಾರ್ಬನ್ ಸ್ಟೀಲಿನದಾದರೆ ಒಂದೇ ರಾತ್ರಿಗೆ ಕೆಂಪು ತುಕ್ಕು. ಅಂಚಿಗೆ ವ್ಯಾಸಲೀನ್ ತೆಳುವಾಗಿ ಸವರಿಡುತ್ತಾರೆ. ಗುರಿ ಅಭ್ಯಾಸಕ್ಕೆ ನಿಮಗೆ ಬ್ಲೇಡೇ ಬೇಡ, ಉರುಟು ತುದಿ ಸಾಕು.

ಅತ್ತೂರು_ಬೇಲಿ

ಅರ್ಥ ಆಯಿತು. ಸೋಲಾರ್ ಬೇಲಿಯ ಚರ್ಚೆ ಬೇರೆ ಇದೆಯಲ್ಲ, ಅಲ್ಲಿಗೆ ಹೋಗುತ್ತೇನೆ.

ಪುಷ್ಪಗಿರಿ_ಕಾವಳ

ಸ್ಕೋಪ್. ಮಂಜು ಎರಡು ಬಗೆ, ಮೊದಲು ಯಾವುದು ಅಂತ ಗೊತ್ತಾಗಬೇಕು. ಎರಡೂ ತುದಿಯ ಗಾಜನ್ನು ಹೊರಗಿನಿಂದ ಒರೆಸಿ. ಹೋದರೆ ಹೊರಗಿನ ಮಂಜು. ಹೋಗದಿದ್ದರೆ ಒಳಗೆ ತೇವ ಸೇರಿದೆ. ಸ್ಕೋಪಿನೊಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ಸೀಲ್ ಮಾಡಿರುತ್ತಾರೆ. ರಬ್ಬರ್ ಉಂಗುರ ಹೋದರೆ ಅನಿಲ ಹೋಗುತ್ತದೆ, ನಮ್ಮ ಗಾಳಿ ಬರುತ್ತದೆ. ಅದನ್ನು ಮನೆಯಲ್ಲಿ ಸರಿಮಾಡಲು ಬಿಚ್ಚಬೇಡಿ.

ನಿಮ್ಮದು ಹೊರಗಿನದು. ಹೊರಗೆ ತಣ್ಣಗಾದ ಗಾಜು, ಒಳಗೆ ಅನ್ನ ಬೇಯುತ್ತಿರುವ ಬೆಚ್ಚನೆ ತೇವದ ಗಾಳಿ. ತಂದ ಕೂಡಲೇ ಬೆಳ್ಳಗಾಗಲೇಬೇಕು. ಜಗಲಿಯಲ್ಲೇ ಮುಚ್ಚಳ ಹಾಕಿ ಅರ್ಧ ಗಂಟೆ ಬಿಡಿ, ಆಮೇಲೆ ಒಳಗೆ ತನ್ನಿ. ಹೊಡೆಯುವಾಗ ಕಣ್ಣಿನ ಕಡೆಯ ಗಾಜಿಗೆ ಮಂಜು ಬಂದರೆ ಅದು ಉಸಿರು. ಕೆನ್ನೆ ಒತ್ತಿ ಬಾಯಿಯಿಂದ ಬಿಡುವುದನ್ನು ನಿಲ್ಲಿಸಿ, ಮೂಗಿನಿಂದ ಕೆಳಕ್ಕೆ ಬಿಡಿ.

ಅಂಗಿ ತುದಿಯಲ್ಲಿ ಒರೆಸಿದರೆ ಕೆಸರಿನ ಕಣ ಲೇಪನವನ್ನು ಗೀರುತ್ತದೆ. ಊದುವ ರಬ್ಬರ್ ಬಲ್ಬು, ಮತ್ತೆ ಲೆನ್ಸ್ ಬಟ್ಟೆ.

ಇನ್ನೊಂದು, ಇದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ: ಜಿಗಣೆ. ಡೀಟ್ ಇರುವ ಲೋಷನ್ ಕಾಲಿಗೆ ಹಚ್ಚಿ ಅದೇ ಕೈಯಲ್ಲಿ ಬಿಲ್ಲು ಹಿಡಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಬೆರಳಚ್ಚು ಮೂಡುತ್ತದೆ. ಸ್ಕೋಪಿನ ಮುಚ್ಚಳ, ಹಿಡಿಯ ರಬ್ಬರ್, ಎಲ್ಲಕ್ಕೂ ಅದು ಆಗದು. ಹಾಗಂತ ಉಪ್ಪಿನ ಗಂಟು ಕಟ್ಟಿಕೊಂಡರೆ ಉಪ್ಪುನೀರು ಅಲ್ಯೂಮಿನಿಯಂ ಮತ್ತು ಸ್ಕ್ರೂ ಎರಡನ್ನೂ ತಿನ್ನುತ್ತದೆ. ಉದ್ದ ಜಿಗಣೆ ಕಾಲುಚೀಲ ಹಾಕಿ, ಲೋಷನ್ ಚೀಲದ ಹೊರಗೆ, ಹಚ್ಚಿದ ಮೇಲೆ ಸೋಪಿನಲ್ಲಿ ಕೈ ತೊಳೆದುಕೊಂಡೇ ಬಿಲ್ಲು ಮುಟ್ಟಿ.

ಕಣದ_ಮೂಲೆ

ಜಿಗಣೆ ಬಗ್ಗೆ ಒಂದು ಪ್ಯಾರಾ ಬರದಿದ್ದರೆ ಅದು ಕೊಡಗಿನ ಎಳೆಯೇ ಅಲ್ಲ :)

ಸೋಮವಾರಪೇಟೆ_ಸರಳು

ಬೋಲ್ಟಿನ ಬಗ್ಗೆ ಚುಟುಕಾಗಿ. ಹಕ್ಕಿಗರಿ ಮಳೆಯಲ್ಲಿ ಮಲಗಿಬಿಡುತ್ತದೆ, ಪ್ಲಾಸ್ಟಿಕ್ ರೆಕ್ಕೆ ಮಲಗುವುದಿಲ್ಲ. ಮರದ ಬೋಲ್ಟ್ ತೇವಕ್ಕೆ ಬಾಗುತ್ತದೆ, ಮೇಜಿನ ಮೇಲೆ ಉರುಳಿಸಿ ನೋಡಿ. ಕಾರ್ಬನ್ ಬಾಗುವುದಿಲ್ಲ, ಆದರೆ ಸೀಳಿದ್ದು ಕಾಣುವುದಿಲ್ಲ. ಪ್ರತಿ ಸಲ ಹೊಡೆಯುವ ಮೊದಲು ಎರಡೂ ತುದಿ ಹಿಡಿದು ನಿಧಾನ ಬಗ್ಗಿಸಿ, ಕಿವಿಯ ಹತ್ತಿರ ತನ್ನಿ. ಚಿಟಿಚಿಟಿ ಅಂದರೆ ಮುರಿದು ಎಸೆಯಿರಿ. ಸೀಳಿದ ಕಾರ್ಬನ್ ಹೆದೆಯ ಹೊಡೆತಕ್ಕೆ ಸಿಡಿದರೆ ಮುಂಗೈಗೆ ಸೂಜಿಗಳ ಹಾಗೆ ಹೊಗುತ್ತದೆ.

ನಾಕ್ ಬದಲಿಸುವಾಗ ಆಕಾರ ನೋಡಿ. ಅರ್ಧಚಂದ್ರದ್ದು ಕೇಳುವ ಬಿಲ್ಲಿಗೆ ಚಪ್ಪಟೆಯದು ಹಾಕಿದರೆ ಹೆದೆ ಬೋಲ್ಟಿನ ಮೇಲಿಂದ ಹಾರಿ ಹೋಗುತ್ತದೆ, ಬಿಲ್ಲಿಗೆ ಅದು ಬೋಲ್ಟ್ ಇಲ್ಲದೆ ಬಿಟ್ಟ ಹೊಡೆತದಂತೆಯೇ.

ಗಾಳಿಬೀಡು_ಜಡಿಮಳೆ

ಒಣಗಿಸಿ ಇಡುವುದು ಎಲ್ಲಿ? ಹಳೆಯ ಬಿದಿರಿನ ಬಿಲ್ಲು ಒಲೆಯ ಮೇಲಿನ ಅಟ್ಟದಲ್ಲೇ ಇರುತ್ತಿತ್ತು. ಹುಳ ಇಲ್ಲ, ಬೂಷ್ಟು ಇಲ್ಲ.

ನಾಪೋಕ್ಲು_ತುಡುವೆ

ಅಟ್ಟಕ್ಕೆ ನನ್ನದೂ ಓಟು. ಹೊಗೆ ಹಿಡಿದ ಬಿದಿರಿಗೆ ಕುಟ್ಟೆ ಬೀಳುವುದಿಲ್ಲ.

ಹೆದೆಮೇಣ

ಬಿದಿರಿಗೆ ಸರಿ. ಇದರ ತೋಳು ಫೈಬರ್‌ಗ್ಲಾಸ್, ಪದರಗಳನ್ನು ಅಂಟು ಹಿಡಿದಿದೆ, ಮತ್ತು ಕಾಂಪೌಂಡ್ ಬಿಲ್ಲಿನ ತೋಳು ಎಳೆಯದಿದ್ದಾಗಲೂ ಬಿಗಿತದಲ್ಲೇ ಇರುತ್ತದೆ. ಬಿಗಿತದ ಜೊತೆ ದಿನವೂ ಬಿಸಿ ಸೇರಿದರೆ ಪದರ ಬಿಡುತ್ತದೆ. ಹೊಗೆಯ ಮಸಿ ಹೆದೆಯ ಮೇಣಕ್ಕೆ ಅಂಟಿ ಸಾಣೆಕಲ್ಲಾಗುತ್ತದೆ. ಮುಚ್ಚಿದ ಕಾರಿನಲ್ಲಿ ಬಿಸಿಲಿಗೆ ಬಿಡುವುದೂ ಅಷ್ಟೇ ಕೆಟ್ಟದ್ದು.

ಹೀಗೆ ಮಾಡಿ. ಒಳಗೆ ತಂದ ಮೇಲೆ ಗಾಡಿ ಕೆಳಮುಖವಾಗಿ ಎರಡು ಕುರ್ಚಿಗಳ ನಡುವೆ ಮಲಗಿಸಿ, ಫ್ಯಾನ್ ಹಾಕಿ, ರಾತ್ರಿಯಿಡೀ. ಬೆಳಿಗ್ಗೆ ಚಕ್ರದ ಅಕ್ಷದ ತುದಿಯಲ್ಲಿರುವ ಸಣ್ಣ ಕ್ಲಿಪ್ಪು ನೋಡಿ. ತುಕ್ಕು ಮೊದಲು ಬರುವುದು ಅಲ್ಲಿ, ಅದು ತುಂಡಾದರೆ ಬಿಗಿತದಲ್ಲಿರುವ ಅಕ್ಷ ಜಾರುತ್ತದೆ. ಕೆಂಪು ಕಂಡರೆ ಬದಲಿಸಿ, ಆದರೆ ತೋಳನ್ನು ಒತ್ತಿ ಬಗ್ಗಿಸಿ ಹಿಡಿಯುವ ಪ್ರೆಸ್ ಇರುವವರ ಕೈಯಲ್ಲಿ ಮಾತ್ರ. ತೋಳಿನ ತಿರುಪು, ರಿಕಾಪಿನ ಸ್ಕ್ರೂ, ಸ್ಕೋಪಿನ ರಿಂಗು ಅಲುಗಾಡುತ್ತದಾ ನೋಡಿ.

ಅದು ಪೂರ್ತಿ ಒಣಗಿದ ಮೇಲೆಯೇ ಪೆಟ್ಟಿಗೆಗೆ. ಸ್ಪಂಜು ಹಾಕಿದ ಗಟ್ಟಿ ಪೆಟ್ಟಿಗೆಗೆ ಒದ್ದೆ ಬಿಲ್ಲು ಇಟ್ಟು ಮುಚ್ಚಿದರೆ ಅದು ಬೂಷ್ಟಿನ ಕೃಷಿ. ಸ್ಪಂಜನ್ನೂ ತೆಗೆದು ಒಣಗಿಸಿ. ಒಳಗೆ 200 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಶೇಕಡಾ 45ರಿಂದ 55 ಇದ್ದರೆ ಚೆನ್ನ, 65 ದಾಟಿದರೆ ಲೆನ್ಸಿನಲ್ಲಿ ಜೇಡರ ಬಲೆಯ ಹಾಗೆ ಬೂಷ್ಟು ಬೇರು ಬಿಡಲು ಕಾಯುತ್ತಿರುತ್ತದೆ. ಬೀರುವಿಗೆ ಬಲ್ಬು ಹಾಕುವವರಿದ್ದಾರೆ, ಆದರೆ ಇಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದರೆ ಬಲ್ಬು ಏನು ಮಾಡೀತು? ಜೆಲ್ಲಿಗೆ ಕರೆಂಟ್ ಬೇಡ.

ಪುಷ್ಪಗಿರಿ_ಕಾವಳ

ನೀಲಿ ಜೆಲ್ ಗುಲಾಬಿ ಆದಾಗ ಒಣಗಿಸಬೇಕು, ಓವನ್ನಿನಲ್ಲಿ 110-120 ಡಿಗ್ರಿಗೆ ಎರಡು ಗಂಟೆ. ನೀಲಿಗೆ ಬಣ್ಣ ಕೊಡುವುದು ಕೋಬಾಲ್ಟ್ ಕ್ಲೋರೈಡ್, ಅದು ವಿಷ. ಅಡುಗೆ ಬಾಣಲೆ, ಅಡುಗೆ ಓವನ್ ಎರಡೂ ಬೇಡ, ಬೇರೆ ತಟ್ಟೆ ಇಡಿ. ಕಿತ್ತಳೆ ಬಣ್ಣದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಕಣದ_ಮೂಲೆ

ಗುರಿಹಲಗೆ? ಹುಲ್ಲಿನ ಕಂತೆ ಮಳೆಗಾಲದಲ್ಲಿ ಕೊಳೆತು ನಡು ಮೆತ್ತಗಾಗುತ್ತದೆ, ಬೋಲ್ಟ್ ಆಚೆ ದಾಟುತ್ತದೆ. ಬಟ್ಟೆ ತುಂಬಿದ ಚೀಲ ನೀರು ಕುಡಿದು ಹೊರಲಾಗದಷ್ಟು ಭಾರ. ಪದರದ ಫೋಮ್ ಪರವಾಗಿಲ್ಲ, ಆದರೆ ಒದ್ದೆಯಾದರೆ ಬೋಲ್ಟ್ ಹೊರಗೆ ಬರುವುದಿಲ್ಲ. ಒಣ ಸೋಪಿನ ತುಂಡನ್ನು ಬೋಲ್ಟಿನ ಮುಂದಿನ ಅರ್ಧಕ್ಕೆ ಉಜ್ಜಿ ಹೊಡೆಯಿರಿ, ಒಂದೇ ಕೈಯಲ್ಲಿ ಬರುತ್ತದೆ. ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು, ಕಾಫಿ ಗಿಡ ದಿಬ್ಬ ಅಲ್ಲ. ಗಿಡದ ಆಚೆ ಕಳೆ ತೆಗೆಯುವವರು ಇರುತ್ತಾರೆ.

ಎಳೆದ ಬಿಲ್ಲನ್ನು ಹಾಗೇ ಒಳಗೆ ತರಬೇಡಿ. ತುದಿ ಮೊಂಡಾದ ಹಳೆ ಬೋಲ್ಟ್ ಒಂದನ್ನು ಅದಕ್ಕೇ ಇಟ್ಟುಕೊಂಡು ಹಲಗೆಗೆ ಹೊಡೆದು ಖಾಲಿ ಮಾಡಿ. ಒದ್ದೆ ನೆಲ ಮೆತ್ತಗಿದೆ ಅಂತ ಕಾಲ ಬುಡಕ್ಕೆ ಹೊಡೆಯುವವರಿಗೆ ಒಂದು ಮಾತು, ಒಂದು ಗೇಣು ಕೆಳಗೆ ಮುರಕಲ್ಲು ಇರುತ್ತದೆ.

ನಾಪೋಕ್ಲು_ತುಡುವೆ

ಕೈಲ್‌ಪೊಳ್ದಿಗೆ, ಅಂದರೆ ಕೊಡಗಿನ ಆಯುಧಪೂಜೆಯ ಹಬ್ಬಕ್ಕೆ, ಮರದ ತುದಿಯ ತೆಂಗಿನಕಾಯಿಗೆ ಇದರಲ್ಲಿ ಹೊಡೆದರೆ?

ಕಣದ_ಮೂಲೆ

ಬೇಡ. ತಪ್ಪಿದ ಬೋಲ್ಟ್ ಮೇಲೆ ಹೋಗಿ ಎಲ್ಲೋ ಇಳಿಯುತ್ತದೆ, ಆ ದಿನ ಮೈದಾನದ ತುಂಬ ಜನ. ಕಾಯಿಯನ್ನು ದಿಬ್ಬದ ಮುಂದೆ ಎದೆಮಟ್ಟಕ್ಕೆ ಕಟ್ಟಿ. ಬಿಲ್ಲಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುವುದಕ್ಕೆ ಅಡ್ಡಿ ಇಲ್ಲ.

ಮಿಚಿಗನ್_ಕೊಡೆ

ಒಂದು ಹಳೆಯ ಮಾತು. 1346ರ ಆಗಸ್ಟ್ 26, ಕ್ರೆಸಿ ಕಾಳಗ. ಗುಡುಗುಮಳೆಗೆ ಜಿನೋವಾದ ಅಡ್ಡಬಿಲ್ಲುಗಾರರ ಹೆದೆ ನೆನೆದು ಸಡಿಲವಾಯಿತು, ಇಂಗ್ಲಿಷ್ ಬಿಲ್ಲುಗಾರರು ಹೆದೆ ಬಿಚ್ಚಿ ಟೊಪ್ಪಿಯೊಳಗೆ ಇಟ್ಟುಕೊಂಡಿದ್ದರು ಅಂತ ಅಂದಿನ ವೃತ್ತಾಂತಕಾರರು ಬರೆದಿದ್ದಾರೆ. ಉದ್ದ ಬಿಲ್ಲಿನ ಹೆದೆ ಕೈಯಲ್ಲೇ ಬಿಚ್ಚಬಹುದು, ಅಡ್ಡಬಿಲ್ಲಿನದು ಆಗದು. ಇವತ್ತಿಗೂ ಅದೇ ವ್ಯತ್ಯಾಸ: ಚಕ್ರ ಇಲ್ಲದ ರಿಕರ್ವ್ ಕ್ರಾಸ್‌ಬೋ ಆದರೆ ಸಹಾಯದ ಹಗ್ಗ ಹಾಕಿ ಅಂಗಳದಲ್ಲೇ ಒಣ ಹೆದೆ ಬದಲಿಸಬಹುದು, ಕಾಂಪೌಂಡಿಗೆ ಪ್ರೆಸ್ ಬೇಕು. ಇಷ್ಟು ಮಳೆಯ ಊರಿನಲ್ಲಿ ಹೊಸದಾಗಿ ಕೊಳ್ಳುವವರಿಗೆ ನನ್ನ ಓಟು ರಿಕರ್ವಿಗೆ, ವೇಗ ಸ್ವಲ್ಪ ಕಡಿಮೆಯಾದರೂ.

ಗಾಳಿಬೀಡು_ಜಡಿಮಳೆ

ಹೆದೆಮೇಣ ಅಣ್ಣ ಹೇಳಿದ ಪರೀಕ್ಷೆಯ ಲೆಕ್ಕ. 30 ಮೀಟರ್, ಒಣ ಹೆದೆ: ಮೂರೂ ನಡುವಿಗೆ, 4 ಸೆಂಟಿಮೀಟರಿನೊಳಗೆ. ಒದ್ದೆ ಹೆದೆ, ಗೋಣಿ ಇಲ್ಲದೆ: ಸರಾಸರಿ 3.5 ಕೆಳಗೆ, ಎರಡು ಎಡಕ್ಕೆ. ಒದ್ದೆ ಹೆದೆ, ಗೋಣಿ ಹಾಸಿ, ಗೆರೆ ನೋಡಿ: 3.5 ಕೆಳಗೆ, ಎಡಕ್ಕೆ ಒಂದೂ ಇಲ್ಲ. ಹಳೆ ಮೇಣ ತೆಗೆದು ಹೊಸದು ತೀಡಿ ಅದೇ ಮಳೆಗೆ ಹತ್ತು ನಿಮಿಷ ಒಡ್ಡಿದ ಮೇಲೆ: 1 ಕೆಳಗೆ. ಟ್ರಿಗರಿನಿಂದ ಇಳಿದದ್ದು ಕಂದು ನೀರಲ್ಲ, ಅರಿಶಿನ ಬಣ್ಣದ ಅಂಟು, ವಾಸನೆ ಹಳೆ ಕೊಬ್ಬರಿಯದು. ಸ್ಪ್ರೇ ಎರಡನೇ ಸಲವೂ ಮಾಡಬೇಕಾ, ಅಥವಾ ಒಣ ಲೂಬ್ ಹಾಕಿಬಿಡಲಾ?

ಸೋಮವಾರಪೇಟೆ_ಸರಳು

ಮಾಡಿ. ಬಿಳಿ ಬಟ್ಟೆಯ ಮೇಲೆ ಇಳಿಸಿ, ಬಣ್ಣ ಬರುವುದು ನಿಂತ ಮೇಲೆ ಲೂಬ್. ಕೊಬ್ಬರಿ ಎಣ್ಣೆ ತಲೆಗೆ.